ದೊಡ್ಡಮನೆಯ ನಡಿಗೆ

ತಾಯಲೂರು
೩-೩-೧೯೩೮

ಅಶ್ವತ್ಥಮ್ಮನಿಗೆ,

ನಿನಗೆ ಕಾಗದ ಬರೆಯಬಾರದು ಎಂದುಕೊಂಡಿದ್ದವನು ಬರೆಯುತ್ತಿದ್ದೇನೆ. ಗಂಡ ಸತ್ತ ಮೇಲೆ ತವರಿನಲ್ಲಿ ತೆಪ್ಪಗೆ ಇರು ಎಂದರೆ ಕೇಳದೆ ಕೋಲಾರಕ್ಕೆ ಹೋಗಿ ದಾದಿ ಕೆಲಸ ಕಲಿತೆ. ಕಂಡವರ ಹೊಲಸು ತೊಳೆಯುವುದೇ ನಿನಗೆ ಹಿತವಾದರೆ ನಾನೇನು ಮಾಡಲಿ? ಊರ ಬಾಯಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೆ ನಿನ್ನ ಸೋದರತ್ತೆ ಚಿಕ್ಕಗಂಗಮ್ಮ ಮುದ್ದೆ ಬಡಿಸುವಾಗಲೆಲ್ಲ, "ಅಂಜಮ್ಮನ ಒಡಹುಟ್ಟಿದೋಳ್ಗೆ ಒಂದ್ ಮಾತು ತಿಳಿಸ್ಬಾರ್ದೇನಣ್ಣಾ" ಎಂದು ಪ್ರಾಣ ತಿನ್ನುತ್ತಾಳೆ. ಅವಳ ಕಾಟಕ್ಕೆ ಬರೆದಿದ್ದೇನೆ.

ನಿನ್ನ ತಂಗಿ ಅಂಜಮ್ಮ ಮತ್ತೆ ಬಸುರಿ. ಹೋದ ಸಲದ ಕೂಸು ಹೊರಗೆ ಬರುವಷ್ಟರಲ್ಲಿ ಉಸಿರು ಕಟ್ಟಿ ಹೋಗಿತ್ತು. ಈ ಸಲವಾದರೂ ದೇವರು ಕಣ್ಣು ಬಿಟ್ಟಾನು.

ಶಿವರಾತ್ರಿ ಮುಗಿಸಿಕೊಂಡು ಶ್ರೀನಿವಾಸಪುರಕ್ಕೆ ಹೋಗಿ ಅವಳನ್ನು ನೋಡಿ ಬಂದೆ. ಊರನ್ನೇ ಇನಾಮು ಪಡೆದ ಜೋಡಿದಾರರ ಮನೆ ಎಂದರೆ ಸುಮ್ಮನೆಯೇ? ಅವರ ಹೆಂಗಸರು ತಮ್ಮ ಮಾವಿನ ತೋಪನ್ನೇ ಕಣ್ಣಿಂದ ಕಂಡವರಲ್ಲ. ಪಕ್ಕದ ಮಾಳಿಗೆಯಿಂದ ಯಾರೂ ಇಣುಕಬಾರದೆಂದು ಮನೆಯ ನಡುವಿನ ತೆರೆದ ತೊಟ್ಟಿಗೂ ತಗಡು ಹೊದಿಸಿದ್ದಾರೆ. ನಿಮ್ಮಮ್ಮ ಹೊಲದ ಬಿಸಿಲಲ್ಲಿ ದುಡಿದು ಕರಕಾಗಿ ಸತ್ತಳು. ಮಗಳಾದರೂ ನೆರಳಲ್ಲಿ ಕೂತು ಉಣ್ಣಲಿ ಎಂದು ನಾನು ಹರಸಿಕೊಂಡಿದ್ದೆ. ಅಂಜಮ್ಮ ಈಗ ಬೆಣ್ಣೆಯ ಬಣ್ಣಕ್ಕೆ ಬಂದಿದ್ದಾಳೆ. ನಡಿಗೆ ಕೂಡ ಬದಲಾಗಿದೆ. ಮೊದಲಿನಂತೆ ದಡದಡ ಓಡಾಡುವುದಿಲ್ಲ. ಅವಳ ಅತ್ತೆ ಮುತ್ಯಾಲಮ್ಮನವರ ಹಾಗೆಯೇ ನಿಧಾನವಾಗಿ, ಆ ಕಡೆ ಈ ಕಡೆ ತೂಗುತ್ತಾ ನಡೆಯುತ್ತಾಳೆ. ಊರಲ್ಲಿ ಅದಕ್ಕೆ ದೊಡ್ಡಮನೆಯ ನಡಿಗೆ ಎನ್ನುತ್ತಾರೆ. ನೋಡಿ ಹೊಟ್ಟೆ ತುಂಬಿತು.

ದೊಡ್ಡನಾರಾಯಣಪ್ಪ

*

ಕೋಲಾರ
೯-೩-೧೯೩೮

ಅಪ್ಪನವರಿಗೆ,

ಕಾಗದ ತಲುಪಿತು. ನನ್ನ ಹೊಲಸು ಕೆಲಸದ ವಿಷಯ ಓದಿದೆ. ಅದು ಹಳೆಯ ಬೈಗುಳ, ಅಭ್ಯಾಸವಾಗಿದೆ. ಅಂಜಮ್ಮನ ನಡಿಗೆಯನ್ನು ನೀವು ಹೊಗಳಿದ ಸಾಲುಗಳನ್ನು ಓದಿದಾಗ ಮಾತ್ರ ಊಟ ಬಿಟ್ಟು ಎದ್ದು ಇದನ್ನು ಬರೆಯಲು ಕೂತೆ.

ಆ ನಡಿಗೆ ನನಗೆ ಗೊತ್ತು. ಕೋಲಾರದ ಗೋಷಾ ಮನೆಗಳಿಂದ ಪರದೆ ಕಟ್ಟಿದ ಜಟಕಾದಲ್ಲಿ ಕೂತು ಅದು ನಮ್ಮ ಆಸ್ಪತ್ರೆಗೆ ಬರುತ್ತದೆ. ಮಾಲೂರಿನ ಸಾಹುಕಾರರ ಸೊಸೆಯರ ಜೊತೆಗೂ ಬರುತ್ತದೆ. ಅದು ನಡಿಗೆಯಲ್ಲ, ರೋಗ. ಎಲುಬು ಮೆತ್ತಗಾಗುವ ರೋಗ. ಬಿಸಿಲು ಮೈಗೆ ತಾಕಿದರೆ ಒಳಗೆ ಡಿ ಎಂಬ ಜೀವಸತ್ವ ಹುಟ್ಟುತ್ತದೆ ಎಂದು ನಮ್ಮ ಡಾಕ್ಟರಮ್ಮ ಹೇಳುತ್ತಾರೆ. ಅದಿಲ್ಲದಿದ್ದರೆ ರಾಗಿ ಉಂಡರೂ ಹಾಲು ಕುಡಿದರೂ ಅದರಲ್ಲಿರುವ ಸುಣ್ಣ ಎಲುಬಿಗೆ ಸೇರುವುದಿಲ್ಲ. ಬಸುರಿಯಾದರೆ ಕೂಸು ತಾಯಿಯ ಎಲುಬಿನಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ಸೊಂಟದ ಎಲುಬು ಒಳಕ್ಕೆ ಬಾಗಿ ಕೂಸು ಬರುವ ದಾರಿಯೇ ಕಿರಿದಾಗುತ್ತದೆ. ಹೋದ ಸಲದ ಕೂಸು ಯಾಕೆ ಹೋಯಿತು ಎಂದು ಈಗ ನೀವೇ ಯೋಚಿಸಿ.

ಇಲ್ಲಿ ಬರುವವರಿಗೆಲ್ಲ ಸೊಂಟ ನೋವು, ಮೈಕೈ ನೋವು. ಕೇಳಿದರೆ ಎಲ್ಲರೂ ವಾಯು ಎನ್ನುತ್ತಾರೆ. ಕಾಲು ಸೊಟ್ಟಗಾದ ಮಗುವನ್ನು ತಂದವಳು ಬಾಲಗ್ರಹ ಎಂದು ತಾಯಿತ ಕಟ್ಟಿಸಿರುತ್ತಾಳೆ. ತಾಯಲೂರಿನಲ್ಲಿ ನಾಟಿ ಹಾಕುವ ಹೆಂಗಸರಿಗೆ ಇರದ ಕಾಯಿಲೆಯಿಲ್ಲ. ಮೈಯಲ್ಲಿ ರಕ್ತವಿಲ್ಲ, ಚಳಿಜ್ವರ ಬಿಡುವುದಿಲ್ಲ. ಆದರೂ ಅವರ ಬೆನ್ನು ನೆಟ್ಟಗಿದೆ. ಚಿನ್ನದ ಗಣಿಗೆ ಇಳಿಯುವ ಗಂಡಸರು ಕತ್ತಲಲ್ಲಿ ಇಳಿದು ಕತ್ತಲಲ್ಲಿ ಮೇಲೆ ಬರುತ್ತಾರೆ, ಅವರಿಗೂ ಎಲುಬಿನ ನೋವಿದೆ. ಆದರೆ ಕತ್ತಲಲ್ಲಿ ಇರುವುದಕ್ಕೆ ಅವರಿಗೆ ಕೂಲಿಯಾದರೂ ಸಿಗುತ್ತದೆ. ಅಂಜಮ್ಮನಿಗೆ ಏನು ಸಿಗುತ್ತದೆ? ಬೆಣ್ಣೆಯ ಬಣ್ಣ. ಥೂ.

ಏಳುವಾಗ ಅವಳು ಗೋಡೆ ಹಿಡಿಯುತ್ತಾಳೆಯೇ? ಮೆಟ್ಟಿಲು ಹತ್ತುವಾಗ ತೊಡೆಗೆ ಕೈ ಊರುತ್ತಾಳೆಯೇ? ವಿಚಾರಿಸಿ ಬರೆಯಿರಿ. ಇದರ ಜೊತೆ ಒಂದು ಶೀಸೆ ಮೀನೆಣ್ಣೆ ಕಳಿಸಿದ್ದೇನೆ. ಬಿಸಿಲು ಸಿಗದವರಿಗೆ ಡಾಕ್ಟರಮ್ಮ ಕೊಡುವುದು ಇದನ್ನೇ. ವಾಸನೆ ಕೆಟ್ಟದಾಗಿರುತ್ತದೆ, ಮೂಗು ಹಿಡಿದು ದಿನಕ್ಕೊಂದು ಚಮಚ ಕುಡಿಯಲಿ.

ಅಶ್ವತ್ಥಮ್ಮ

*

ತಾಯಲೂರು
೨-೪-೧೯೩೮

ಅಶ್ವತ್ಥಮ್ಮನಿಗೆ,

ನಿನ್ನ ಕಾಗದವನ್ನು ಚಿಕ್ಕಗಂಗಮ್ಮನಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ಮನೆಯಲ್ಲಿ ಅಳು ಎದ್ದಿರುತ್ತಿತ್ತು. ಸೊಂಟ ನೋವು ಯಾವ ಬಸುರಿಗೆ ಇಲ್ಲ? ದಾದಿಯ ಕಣ್ಣಿಗೆ ಊರೆಲ್ಲ ಆಸ್ಪತ್ರೆಯಾಗಿಯೇ ಕಾಣುತ್ತದೆ.

ಗೋಡೆ ಹಿಡಿಯುತ್ತಾಳೆಯೇ ಎಂದು ಕೇಳಿದ್ದೀಯೆ. ಹಿಡಿಯುತ್ತಾಳೆ. ಅವಳ ಅತ್ತೆಯೂ ಹಿಡಿಯುತ್ತಾರೆ. ಆ ಮನೆಯ ಒಳಗೋಡೆಗಳಲ್ಲಿ ಸೊಂಟದ ಎತ್ತರಕ್ಕೆ ಉದ್ದಕ್ಕೂ ಎಣ್ಣೆಗೈಯ ಗುರುತು ಬಿದ್ದಿದೆ. ಸುಣ್ಣ ಬಳಿಸಿದರೂ ಮತ್ತೆ ಬೀಳುತ್ತದೆಯಂತೆ. ಎಷ್ಟೋ ತಲೆಮಾರಿನ ಹೆಂಗಸರು ಬಾಳಿದ ಮನೆ ಎಂದುಕೊಂಡೆ ನಾನು.

ಮುಳಬಾಗಿಲಿಗೆ ಬಂದಿದ್ದ ಅವರ ಆಳಿನ ಕೈಗೆ ನಿನ್ನ ಶೀಸೆ ಕೊಟ್ಟಿದ್ದೇನೆ. ಇನ್ನು ಇಂಥ ಕಾಗದ ಬರೆಯಬೇಡ.

ದೊಡ್ಡನಾರಾಯಣಪ್ಪ

*

ಶ್ರೀನಿವಾಸಪುರ
೬-೫-೧೯೩೮

ಅತ್ತಿಗೆಯವರಾದ ಅಶ್ವತ್ಥಮ್ಮನವರಿಗೆ ಜೋಡಿದಾರ ಕದಿರೇಶನು ತಿಳಿಸುವುದು:

ತಾವು ಅಂಜಮ್ಮನಿಗೆಂದು ಮಾವನವರ ಮೂಲಕ ಕಳಿಸಿದ ಎಣ್ಣೆ ತಲುಪಿತು. ನಮ್ಮದು ವೆಂಕಟರಮಣಸ್ವಾಮಿಯ ಒಕ್ಕಲು, ತಿರುನಾಮ ಹಾಕುವ ಮನೆ. ಮೀನಿನ ಪದಾರ್ಥ ಹೊಸಿಲು ದಾಟಕೂಡದು. ಇದನ್ನು ತಾವು ತಿಳಿಯದೆ ಕಳಿಸಿರಬಹುದು, ಆದ್ದರಿಂದ ಅಮ್ಮನವರು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಆದರೆ ಒಳ್ಳೆಯ ಪದಾರ್ಥವನ್ನು ಚೆಲ್ಲಬಾರದೆಂದು ನಮ್ಮ ಹಳ್ಳಿಕಾರ್ ಎತ್ತುಗಳಿಗೆ ಬಿದಿರಿನ ಗೊಟ್ಟದಲ್ಲಿ ಹಾಕಿ ಕುಡಿಸಿದೆವು. ಎತ್ತಿಗೆ ಮಡಿ ಮೈಲಿಗೆ ಇಲ್ಲವಷ್ಟೆ. ಏನೆಂದು ಹೇಳಲಿ! ಮೈಗೂದಲು ಮಿರಮಿರನೆ ಮಿಂಚುತ್ತಿದೆ. ಮಾವಿನ ವ್ಯಾಪಾರಕ್ಕೆ ಬಂದ ಮದನಪಲ್ಲಿಯವರು ಎತ್ತುಗಳನ್ನು ಸುತ್ತಿ ಸುತ್ತಿ ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ನಾನು ಹೇಳಲಿಲ್ಲ.

ಇನ್ನೆರಡು ಶೀಸೆ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಅಂಜಮ್ಮ ಕ್ಷೇಮ. ಒಳಗೇ ಇದ್ದಾಳೆ.

ಕದಿರೇಶ

*

ಕೋಲಾರ
೩೦-೫-೧೯೩೮

ಅಪ್ಪನಿಗೆ,

ನಿನ್ನ ಅಳಿಯನ ಕಾಗದ ಬಂದ ಮೇಲೆ ರಜ ಕೇಳಿ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಸಿಟ್ಟಿನಲ್ಲಿ ನೀನು ಎಂದು ಬರೆದುಬಿಟ್ಟೆ. ಚಿಕ್ಕಂದಿನಲ್ಲಿ ಹಾಗೇ ಕರೆಯುತ್ತಿದ್ದೆ, ಹಾಗೆಯೇ ಇರಲಿ.

ನನ್ನ ತಂಗಿಯ ಎಲುಬಿಗೆ ಕಳಿಸಿದ ಎಣ್ಣೆಯನ್ನು ಅವರು ಎತ್ತಿಗೆ ಕುಡಿಸಿದರು. ಅದನ್ನು ಮುಚ್ಚಿಡುವ ನಾಚಿಕೆಯೂ ಇಲ್ಲದೆ ಇನ್ನೆರಡು ಶೀಸೆ ಕೇಳಿದರು. ಬೆಳಿಗ್ಗೆ ನಾನು ಹೋದಾಗ ಆ ಎತ್ತುಗಳನ್ನು ಅಂಗಳದ ಪಡುವಣ ಗೋಡೆಯ ಹತ್ತಿರ, ಎಳೆಬಿಸಿಲಿಗೆ ಕಟ್ಟಿದ್ದರು. ಬಿಸಿಲು ಕಾದರೆ ಎತ್ತಿನ ಮೈ ಗಟ್ಟಿಯಾಗುತ್ತದೆ ಎಂದು ಆಳು ನನಗೇ ಪಾಠ ಹೇಳಿದ. ಮಾಳಿಗೆಯ ಮೇಲೆ ಮಾವಿನಕಾಯಿ ಹೋಳು ಒಣಗುತ್ತಿತ್ತು, ಸಂಡಿಗೆ ಒಣಗುತ್ತಿತ್ತು. ಸಂಡಿಗೆಗೆ ಕೊಡುವ ಬಿಸಿಲನ್ನು ಆ ಮನೆಯವರು ಸೊಸೆಗೆ ಕೊಡಲಾರರು.

ನಾನು ವಿಧವೆ, ಅದರ ಮೇಲೆ ಎಲ್ಲ ಜಾತಿಯ ಹೆರಿಗೆ ಮುಟ್ಟುವವಳು. ಜಗಲಿಯಲ್ಲಿ ಕೂರಿಸಿದರು. ಮುತ್ಯಾಲಮ್ಮ ಬಾಗಿಲ ಮರೆಯಲ್ಲಿ ನಿಂತು, "ಊರೂರು ತಿರುಗೋಳು ಒಳಗೆ ಹೆಂಗಮ್ಮಾ ಬರ್ತೀಯಾ? ಅಲ್ಲೇ ಮಾತಾಡಿ ಹೋಗು" ಎಂದಳು. ನಾನು ಅವಳನ್ನು ದಾಟಿಕೊಂಡೇ ಒಳಗೆ ಹೋದೆ. ನನ್ನನ್ನು ಮುಟ್ಟಿ ತಡೆಯಬೇಕಲ್ಲ, ತಡೆಯಲಿಲ್ಲ. ಅವರ ಮಡಿಯಿಂದ ನನಗಾದ ಲಾಭ ಅದೊಂದೇ.

ತೊಟ್ಟಿಯಲ್ಲಿ ಹಗಲು ಹೊತ್ತಿನಲ್ಲೇ ದೀಪ. ತಗಡಿನ ಕೆಳಗೆ ಹೊಗೆ, ಹರಳೆಣ್ಣೆ, ಒದ್ದೆ ಬಟ್ಟೆ ಎಲ್ಲ ಸೇರಿ ಒಂದು ಮುಗ್ಗು ವಾಸನೆ. ಅಂಜಮ್ಮ ಮೂಲೆಯಲ್ಲಿ ಚಾಪೆಯ ಮೇಲಿದ್ದಳು. ನನ್ನನ್ನು ಕಂಡು ಏಳಲು ಹೋದಳು. ಮೊದಲು ಮಂಡಿಯ ಮೇಲೆ ಕೈ, ಆಮೇಲೆ ತೊಡೆಯ ಮೇಲೆ ಕೈ, ಆಮೇಲೆ ಗೋಡೆ. ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಂತಳು. ಆರೇಳು ವರ್ಷದ ಹಿಂದೆ ನಮ್ಮೂರ ಕೆರೆಕಟ್ಟೆಯ ಮೇಲೆ ನನ್ನನ್ನು ಓಡಿ ಸೋಲಿಸುತ್ತಿದ್ದ ಹುಡುಗಿ ಇವಳು.

"ಏನೂ ಇಲ್ಲ ಕಣಕ್ಕಾ, ರವಷ್ಟು ಸೊಂಟ ಹಿಡ್ಕೊಂಡೈತೆ. ಮೆಲ್ಲಗೆ ಮಾತಾಡು" ಎಂದಳು.

ಸೊಂಟ ಮುಟ್ಟಿ ನೋಡಿದೆ. ಬೆರಳು ಒತ್ತಿದ್ದಕ್ಕೇ ತುಟಿ ಕಚ್ಚಿದಳು. ಬಟ್ಟೆ ಸರಿಸಿದರೆ ಬರೆ. ವಾಯು ಬಿಡಿಸುತ್ತೇವೆಂದು ಕಬ್ಬಿಣ ಕಾಸಿ ಎಳೆದಿದ್ದಾರೆ. ಒಂದು ಬರೆ ಇನ್ನೂ ಹಸಿಯಾಗಿತ್ತು. ಕೀವು ಒರೆಸುವವರು ಕೂಡ ಇರಲಿಲ್ಲ. ಬಸುರಿಗೆ ಬರೆ ಹಾಕಿದ್ದಾರಪ್ಪ. ಎತ್ತಿಗೆ ಎಣ್ಣೆ, ಹೆಂಗಸಿಗೆ ಬರೆ. ನಿನ್ನ ದೊಡ್ಡಮನೆ ಇದು.

ಮುತ್ಯಾಲಮ್ಮನನ್ನು ಕೇಳಿದೆ. ಅವಳು ಕಂಬ ಹಿಡಿದುಕೊಂಡೇ ಬಂದಳು, ಅದೇ ತೂಗಾಟ. "ನಮ್ಮನೆ ಸೊಸೆಯರು ನಡೆಯೋದೇ ಇಂಗೆ. ನಮ್ಮತ್ತೆ ಇಂಗೇ ನಡೆದ್ರು, ನಾನೂ ಇಂಗೇ ನಡೀತೀನಿ. ಕೂಲಿಯೋರ ಥರ ದಡದಡ ನಡೆಯೋಕೆ ಇವಳೇನು ಕಳೆ ಕೀಳೋಕೆ ಬಂದವ್ಳಾ?" ಎಂದಳು.

"ನಿಮಗೂ ಅದೇ ರೋಗ ಐತೆ. ನಿಮ್ಮತ್ತೆಗೂ ಅದೇ ಇತ್ತು. ಈ ಗೋಡೆ ಮೇಲಿರೋ ಕೈಗುರುತು ನೋಡಿ, ನಿಮ್ಮನೆ ಹೆಂಗಸರೆಲ್ಲ ಕುಂಟ್ಕೊಂಡೇ ಸತ್ತವ್ರೆ" ಎಂದೆ.

ಅವಳ ಮುಖ ಕಪ್ಪಿಟ್ಟಿತು. ಆಳುಗಳನ್ನು ಕರೆದಳು. ನಾನು ಅಂಗಳಕ್ಕೆ ಬಂದ ಮೇಲೆ ಹಿಂದಿನಿಂದ ಸಗಣಿ ನೀರು ಹಾಕಿ ಜಗಲಿ ತೊಳೆಯುವ ಸದ್ದು ಕೇಳಿಸಿತು.

ಈಗ ಮುಖ್ಯ ಮಾತು. ಕೂಸು ಈ ದಾರಿಯಲ್ಲಿ ಹೊರಗೆ ಬರುವುದಿಲ್ಲ. ನಾನು ಕೈಯಿಟ್ಟು ನೋಡಿದ್ದೇನೆ. ಅಲ್ಲೇ ಬಿಟ್ಟರೆ ಕೂಸೂ ಹೋಗುತ್ತದೆ, ಈ ಸಲ ಅಂಜಮ್ಮನೂ ಹೋಗುತ್ತಾಳೆ. ಕರೆದುಕೊಂಡು ಬರುವ ಹಕ್ಕು ನನಗಿಲ್ಲ. ಹೆರಿಗೆಗೆ ಮಗಳನ್ನು ತವರಿಗೆ ಕರೆಯುವ ಹಕ್ಕು ನಿನಗೆ ಇದೆ. ನೀನು ನನಗೆ ಏನು ಬೇಕಾದರೂ ಬೈದುಕೋ. ಹೋಗಿ ಅವಳನ್ನು ಕರೆದು ತಾ.

ಅಶ್ವತ್ಥಮ್ಮ

*

ತಾಯಲೂರು
೨೮-೬-೧೯೩೮

ಅಶ್ವತ್ಥಮ್ಮ,

ನಿನ್ನ ಕಾಗದ ಬಂದು ಬಹಳ ದಿನ ಗೂಡಿನಲ್ಲಿ ಬಿದ್ದಿತ್ತು. ಬೀಗರ ಮನೆಗೆ ನುಗ್ಗಿ ನನ್ನ ಮಾನ ಕಳೆದಳು ಎಂದು ಕುದಿಯುತ್ತಿದ್ದೆ. ಆದರೆ ಬರೆಯ ಮಾತನ್ನು ಮತ್ತೆ ಮತ್ತೆ ತೆಗೆದು ಓದಿದೆ. ನಮ್ಮ ಹಸುವಿಗೆ ಬರೆ ಹಾಕಿಸಬೇಕೆಂದಾಗ ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು, ನಿನಗೆ ನೆನಪಿದೆಯೋ ಇಲ್ಲವೋ.

ಗಾಡಿ ಕಟ್ಟಿಸಿಕೊಂಡು ಹೋದೆ. ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಟ್ಟರು. ಅಂಜಮ್ಮ ಒಳಗಿನಿಂದ ಬಂದಳು. ಕೊಟ್ಟಿಗೆಯ ಕತ್ತಲಲ್ಲೇ ಕಟ್ಟಿ ಬೆಳೆಸಿದ ಕರುವಿನ ಕಾಲು ಏನಾಗುತ್ತದೆ ಎಂದು ನನಗೆ ಗೊತ್ತು. ಅಂಥ ಕರುವನ್ನು ಸಂತೆಯಲ್ಲಿ ದೂರದಿಂದಲೇ ನೋಡಿ ಬೇಡ ಎನ್ನುತ್ತೇನೆ. ಮಗಳು ಹಾಗೆ ನಡೆದು ಬಂದಾಗ ಮಾತ್ರ ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಕಾಫಿಯನ್ನು ಹಾಗೆಯೇ ಕೆಳಗಿಟ್ಟೆ.

"ಮಗಳನ್ನ ಹೆರಿಗೆಗೆ ಕರ್ಕೊಂಡ್ಹೋಗ್ತೀನಿ" ಎಂದೆ.

"ನಮ್ಮನೇಲಿ ಆ ಪದ್ಧತಿ ಇಲ್ಲ. ಇಲ್ಲಿಗೆ ಬಂದ ಸೊಸೆ ಹೊಸಿಲು ದಾಟೋದು ಹೆಣವಾಗಿ" ಎಂದರು ಮುತ್ಯಾಲಮ್ಮ.

"ನಮ್ಮನೇಲಿ ಐತೆ" ಎಂದೆ.

ಅಳಿಯ ಅಡ್ಡ ನಿಂತ. ಬಾಯಿಗೆ ಬಂದದ್ದೆಲ್ಲ ಅಂದ. ಕೊನೆಗೆ, ಹೋಗುವುದಾದರೆ ಕಮಾನುಗಾಡಿಯಲ್ಲಿ, ಎರಡೂ ಕಡೆ ಪರದೆ ಕಟ್ಟಿಕೊಂಡು, ಕತ್ತಲಾದ ಮೇಲೆ ಹೋಗಿ ಎಂದ. ನಾನು ಅವನ ಅಂಗಳದಲ್ಲೇ ನಿಂತು ನನ್ನ ಗಾಡಿಯ ಕಮಾನು ಕೀಳಿಸಿದೆ. ಹುಲ್ಲು ದಪ್ಪಗೆ ಹಾಸಿ ಅಂಜಮ್ಮನನ್ನು ಎತ್ತಿ ಮಲಗಿಸಿದೆ. ಸುಡುವ ಮಧ್ಯಾಹ್ನದಲ್ಲಿ ಪೇಟೆಬೀದಿಯ ನಡುವೆಯೇ ಹೊಡೆಸಿದೆ. ಜೋಡಿದಾರರ ಸೊಸೆಯ ಮುಖವನ್ನು ಊರು ಮೊದಲ ಸಲ ನೋಡಿತು.

ಅವಳಿಗೆ ಕಣ್ಣು ಬಿಡಲು ಆಗಲಿಲ್ಲ, ಸೆರಗು ಮುಚ್ಚಿಕೊಂಡೇ ಇದ್ದಳು. ಊರು ದಾಟಿದ ಮೇಲೆ ಸೆರಗು ಸರಿಸಿ, "ಬಿಸಿಲು ಇಷ್ಟೊಂದು ಐತಾ ಅಪ್ಪಾ" ಎಂದಳು. ಮುಳಬಾಗಿಲಿನ ಛತ್ರದಲ್ಲಿ ತಂಗಿ ಮಾರನೆಯ ದಿನ ಮನೆ ಸೇರಿದೆವು. ಗಾಡಿ ಕುಲುಕಿದಾಗಲೆಲ್ಲ ಅವಳು ನರಳುತ್ತಿದ್ದಳು.

ಏನೇನು ಮಾಡಬೇಕು ಎಂದು ಬೇಗ ಬರೆ. ಮೀನೆಣ್ಣೆಯನ್ನೂ ಕಳಿಸು. ನಮ್ಮ ಮನೆಯಲ್ಲಿ ಎತ್ತು ಕುಡಿಯುವುದಿಲ್ಲ.

ನಿನ್ನ ಅಪ್ಪ

*

ಕೋಲಾರ
೨-೭-೧೯೩೮

ಅಪ್ಪಾ,

ಕಾಗದ ಓದಿ ಅತ್ತುಬಿಟ್ಟೆ. ಇಷ್ಟು ಸಾಕು, ಕೆಲಸದ ಮಾತು ಬರೆಯುತ್ತೇನೆ.

ಬೆಳಿಗ್ಗೆ ಬಿಸಿಲು ಏರುತ್ತಿದ್ದ ಹಾಗೆ ಅವಳನ್ನು ಕಣದಲ್ಲಿ ಕೂರಿಸಿ. ಕೈಕಾಲು, ಬೆನ್ನು ಬಿಸಿಲಿಗೆ ಬೀಳಲಿ. ಸೆರಗು ಹೊದೆಯಬಾರದು. ಯಾರಾದರೂ ಇಣುಕಿದರೆ ಚಿಕ್ಕಗಂಗಮ್ಮತ್ತೆಯನ್ನು ಬಿಡು, ಅವಳ ಬಾಯಿ ಸಾಕು. ರಾಗಿ ಅಂಬಲಿ, ಹಾಲು, ಸೊಪ್ಪು ತಪ್ಪಬಾರದು. ಎಣ್ಣೆ ಕುಡಿದ ಮೇಲೆ ಬಾಯಿಗೆ ಹುಣಸೆಹಣ್ಣು ಕೊಡಿ. ಬರೆಯ ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಿರಿ. ಸಗಣಿ, ಬೂದಿ ಏನೂ ಮೆತ್ತಬೇಡಿ.

ಬಾಗಿದ ಎಲುಬು ಮತ್ತೆ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನೋವು ಹೋಗುತ್ತದೆ, ಶಕ್ತಿ ಬರುತ್ತದೆ. ಹೆರಿಗೆ ಮಾತ್ರ ಇಲ್ಲೇ ಆಗಬೇಕು, ಹೊಟ್ಟೆ ಕೊಯ್ದೇ ತೆಗೆಯಬೇಕು. ದಿನ ತುಂಬುವ ಮೊದಲೇ ಬಸ್ಸಿನಲ್ಲಿ ಕರೆದುಕೊಂಡು ಬಾ. ಹೆದರಿಕೆ ನನಗೂ ಇದೆ.

ಅಶ್ವತ್ಥಮ್ಮ

*

ಶ್ರೀನಿವಾಸಪುರ
೧೮-೮-೧೯೩೮

ಮಾವನವರಾದ ದೊಡ್ಡನಾರಾಯಣಪ್ಪನವರಿಗೆ ಜೋಡಿದಾರ ಕದಿರೇಶನು ತಿಳಿಸುವುದು:

ನಮ್ಮ ಮನೆಯ ಸೊಸೆಯನ್ನು ತಾವು ಕಣದಲ್ಲಿ, ತಲೆಯ ಮೇಲೆ ಬಟ್ಟೆಯಿಲ್ಲದೆ, ರಾಗಿ ಒಣಹಾಕಿದಂತೆ ಒಣಹಾಕಿದ್ದೀರೆಂದು ಕಂಡವರು ಬಂದು ಹೇಳಿದರು. ಕೂಲಿ ಹೆಂಗಸಿಗೂ ಅವಳಿಗೂ ವ್ಯತ್ಯಾಸ ತಿಳಿಯಲಿಲ್ಲವಂತೆ. ಅಮ್ಮನವರು ಆ ಮಾತು ಕೇಳಿ ಊಟ ಬಿಟ್ಟಿದ್ದಾರೆ.

ಗಂಡು ಮಗುವಾದರೆ ತಕ್ಷಣ ತಿಳಿಸುವುದು, ನಾವು ಬಂದು ಕರೆದುಕೊಂಡು ಹೋಗುತ್ತೇವೆ. ಅಂಜಮ್ಮನನ್ನು ಈ ಬಣ್ಣದಲ್ಲಿ ಕಳಿಸಕೂಡದು. ಕೆಲವು ತಿಂಗಳು ನೆರಳಿನಲ್ಲಿ ಕೂರಿಸಿ, ಮೊದಲಿನ ಬಣ್ಣ ತಿರುಗಿದ ಮೇಲೆ ಯೋಚಿಸೋಣ.

ಕದಿರೇಶ

*

ತಾಯಲೂರು
೨೩-೮-೧೯೩೮

ಕದಿರೇಶನಿಗೆ,

ಕಾಗದವನ್ನು ಅಂಜಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ತಾನಾಗಿಯೇ ಎದ್ದು ಒಳಗೆ ಹೋದಳು. ಗೋಡೆ ಹಿಡಿಯಲಿಲ್ಲ.

ಕಪ್ಪಾಗಿರುವುದು ನಿಜ. ನಿನ್ನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಸಹ್ಯವಾಗಿ ಒಲೆಗೆ ಹಾಕಿದ್ದೇನೆ.

ದೊ. ನಾರಾಯಣಪ್ಪ

*

ಕೋಲಾರ
೨೬-೯-೧೯೩೮

ಅಪ್ಪಾ,

ಅಂಜಮ್ಮ ಬದುಕಿದ್ದಾಳೆ. ಮೊದಲು ಅದನ್ನು ಓದಿಕೋ. ನೀನು ಅವಳನ್ನು ಇಲ್ಲಿ ಸೇರಿಸಿ, ಪೈರು ನೋಡಿ ಬರುತ್ತೇನೆಂದು ಊರಿಗೆ ಹೊರಟ ಮರುದಿನವೇ ನೋವು ಶುರುವಾಯಿತು. ಡಾಕ್ಟರಮ್ಮ ಕಾಯಲಿಲ್ಲ, ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು ಮಗು. ಹೊರಗೆ ಬಂದದ್ದೇ ವಾರ್ಡಿನವರೆಲ್ಲ ಎದ್ದು ಕೂರುವಂತೆ ಕಿರುಚಿತು. ಹೊಕ್ಕುಳಬಳ್ಳಿಯನ್ನು ನಾನೇ ಕತ್ತರಿಸಿದೆ.

ಹೇಗೆ ತಿಳಿಯಿತೋ, ಅಂಜಮ್ಮನ ಗಂಡ ಬಂದಿದ್ದ. ನಮ್ಮ ವಾರ್ಡಿನ ನೆಲವನ್ನು ತುಳಿಯಲಾರದೆ ಬಾಗಿಲಲ್ಲಿ ನಿಂತ. ಮೂಗಿಗೆ ಪಂಚೆಯ ಚುಂಗು ಹಿಡಿದುಕೊಂಡಿದ್ದ. ಹೆಣ್ಣು ಎಂದೆ. "ಬಣ್ಣ ಹೆಂಗೈತೆ?" ಎಂದು ಕೇಳಿದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ. ಇಷ್ಟು ವರ್ಷ ನಾನು ರಕ್ತ, ಕೀವು, ವಾಂತಿ ಎಲ್ಲ ಬಳಿದಿದ್ದೇನೆ. ಯಾವುದಕ್ಕೂ ಇಷ್ಟು ಹೇಸಿಗೆ ಆಗಿರಲಿಲ್ಲ. ನಾನು ಒಳಕ್ಕೆ ತಿರುಗಿದೆ, ಅವನು ನಿಲ್ಲಲೂ ಇಲ್ಲ.

ಚಿಕ್ಕಗಂಗಮ್ಮತ್ತೆಗೆ ಹೇಳು, ಕತ್ತಲ ಬಾಣಂತಿಕೋಣೆ ಸಿದ್ಧ ಮಾಡುವುದು ಬೇಡ. ಕಿಟಕಿಯಿರುವ ಕೋಣೆ ಬೇಕು.

ನಿನ್ನ ಅಶ್ವತ್ಥ

*

ಶ್ರೀನಿವಾಸಪುರ
೨೧-೧-೧೯೩೯

ಅಶ್ವತ್ಥಮ್ಮಾ,

ಇದು ನಿನ್ನ ತಂಗಿ ಅತ್ತೆ ಮುತ್ಯಾಲಮ್ಮ ಹೇಳಿ ಬರೆಸ್ತಿರೋದು. ನಂಗೆ ಅಕ್ಷರ ಬರಲ್ಲ. ಎದುರುಮನೆ ಮೇಷ್ಟ್ರ ಹೆಂಡ್ತಿ ಅಕ್ಕಯಮ್ಮ ಬರೀತವ್ಳೆ. ಬಾಯಿ ಬಿಡಲ್ಲ ಅಂತ ವೆಂಕಟರಮಣಸ್ವಾಮಿ ಮೇಲೆ ಆಣೆ ಹಾಕಿಸ್ಕೊಂಡಿದ್ದೀನಿ.

ಸಂಕ್ರಾಂತಿಗೆ ಮುಂಚೆ ನಮ್ಮ ಆಳು ತಾಯಲೂರು ಕಡೆ ಹೋಗಿದ್ದ. ಅಂಜಮ್ಮ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಕೆರೆಕಟ್ಟೆ ಮೇಲೆ ನಡ್ಕೊಂಡು ಹೋಗ್ತಿದ್ಲು ಅಂದ. ನಾನು ನಂಬ್ಲಿಲ್ಲ. ಗೋಡೆ ಹಿಡೀದೇನಾ ಅಂದೆ. ಕೆರೆಕಟ್ಟೆ ಮೇಲೆ ಗೋಡೆ ಎಲ್ಲೈತಮ್ಮಾ ಅಂದ.

ನಾನೂ ನಮ್ಮೂರಲ್ಲಿ ತಲೆ ಮೇಲೊಂದು ಕಂಕುಳಲ್ಲೊಂದು ಬಿಂದಿಗೆ ಇಟ್ಕೊಂಡು ಬಾವಿಯಿಂದ ಓಡ್ಕೊಂಡು ಬರ್ತಿದ್ದೋಳೇ. ಈ ಮನೆಗೆ ಬಂದು ಯಾವಾಗ ಕಾಲು ಬಿದ್ಹೋದ್ವೋ ಗೊತ್ತೇ ಆಗ್ಲಿಲ್ಲ. ನಮ್ಮತ್ತೆ ನನ್ನ ನೋಡಿ, ಈಗ ನಡಿಗೆ ಬಂತು ಅಂತ ಮೆಚ್ಕೊಂಡ್ರು. ನಾನು ಹೆತ್ತಿದ್ದು ಎಷ್ಟೋ, ಉಳಿದಿದ್ದು ಕದಿರೇಶ ಒಬ್ನೇ. ಈಗ ರಾತ್ರಿಯೆಲ್ಲ ಮಗ್ಗುಲು ತಿರುಗೋಕಾಗಲ್ಲ. ನೀನು ಅವತ್ತು ಗೋಡೆ ತೋರಿಸಿ ಅಂದ ಮಾತು ಕಿವಿಯಿಂದ ಹೋಗ್ತಿಲ್ಲ. ಅವತ್ತು ನಿನ್ನ ಕೊಂದುಬಿಡೋಷ್ಟು ಕೋಪ ಬಂದಿತ್ತು ನಂಗೆ.

ಆ ಎಣ್ಣೆ ಒಂದು ಶೀಸೆ ಕಳ್ಸಮ್ಮಾ. ನನ್ನ ಹೆಸರು ಹಾಕ್ಬೇಡ. ಎತ್ತಿಗೆ ಅಂತ ಬರೀ. ಎತ್ತಿಗೆ ಅಂದ್ರೆ ಕದಿರೇಶ ಏನೂ ಅನ್ನಲ್ಲ.

ಮುತ್ಯಾಲಮ್ಮ

*

ಕೋಲಾರ
೨೭-೧-೧೯೩೯

ಮುತ್ಯಾಲಮ್ಮನವರಿಗೆ,

ಈ ಕಾಗದವನ್ನು ಅಕ್ಕಯಮ್ಮನವರ ವಿಳಾಸಕ್ಕೆ ಹಾಕಿದ್ದೇನೆ, ಅವರೇ ಓದಿ ಹೇಳಲಿ. ಎರಡು ಶೀಸೆ ಕಳಿಸಿದ್ದೇನೆ. ಒಂದು ನಿಜವಾಗಿಯೂ ಎತ್ತಿನ ಪಾಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು, ಅದಕ್ಕೇ ಎರಡು. ನೀವು ಹೇಳಿದಂತೆ ಮೇಲೆ ಎತ್ತಿಗೆ ಎಂದು ಬರೆದಿದ್ದೇನೆ. ಬರೆಯುವಾಗ ಮೈಯೆಲ್ಲ ಹೇಸಿತು. ನಿಮ್ಮ ಮೇಲಲ್ಲ. ನೀವು ಹಾಕಿಸಿದ ಬರೆಯನ್ನು ನಾನು ಮರೆಯುವುದಿಲ್ಲ, ಆದರೂ ನಿಮ್ಮ ಮೇಲಲ್ಲ. ಒಂದು ಮನೆಯ ಯಜಮಾನಿ ತನ್ನ ನೋವಿನ ಮದ್ದನ್ನು ಎತ್ತಿನ ಹೆಸರಿನಲ್ಲಿ ತರಿಸಿಕೊಳ್ಳಬೇಕಲ್ಲ, ಅದಕ್ಕೆ.

ದಿನಕ್ಕೊಂದು ಚಮಚ, ಊಟವಾದ ಮೇಲೆ. ಹಾಲು ಬಿಡಬೇಡಿ. ಅಂಜಮ್ಮನನ್ನು ಮರಳಿ ಕೇಳಬೇಡಿ. ತೊಟ್ಟಿಯ ತಗಡು ಕೀಳಿಸಿದ ಮೇಲೆ ಆ ಮಾತು, ಅದೂ ಅವಳು ಒಪ್ಪಿದರೆ.

ಎಣ್ಣೆಯೊಂದೇ ಸಾಲದು, ಬಿಸಿಲೂ ಬೇಕು. ಅದನ್ನು ನಾನು ಶೀಸೆಗೆ ತುಂಬಿ ಕಳಿಸಲಾರೆ. ಮಗ ತೋಪಿಗೆ ಹೋದ ಮೇಲೆ ಅಂಗಳಕ್ಕೆ ಬಂದು ಕೂತುಕೊಳ್ಳಿ. ನಿಮ್ಮ ಎತ್ತುಗಳನ್ನು ಕಟ್ಟುವ ಪಡುವಣ ಗೋಡೆಯ ಹತ್ತಿರ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ನಾನು ನೋಡಿದ್ದೇನೆ.

ಅಶ್ವತ್ಥಮ್ಮ